ಕಡಬದಿಂದ ಹೊರಗೆ ಹೋಗುವ ದಾರಿ

ಕಚೇರಿಯ ಹಳೆಯ ಡಬ್ಬದಲ್ಲಿ ಚಾರ್ಜರ್ ಹುಡುಕುತ್ತಿದ್ದವನ ಕೈಗೆ ಒಂದು ನೀಲಿ ಕನ್ಸೋಲ್ ಕೇಬಲ್ ಸಿಕ್ಕಿತು. ತುದಿಯಲ್ಲಿ ಕೆಂಪು ನೇಲ್ ಪಾಲಿಶಿನ ಚುಕ್ಕೆ. ತನ್ನ ಕೇಬಲನ್ನು ನಾವ್ಯಾರೂ ಲಪಟಾಯಿಸಬಾರದೆಂದು ಅಕ್ಕ ಹಚ್ಚಿದ ಗುರುತು. ಇದನ್ನು ರೂಟರಿಗೆ ಚುಚ್ಚಿ ಕೂತರೆಂದರೆ ಮುಗಿಯಿತು, ಪಕ್ಕದ ಚಹಾ ತಣ್ಣಗಾದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ...

ಪುತ್ತೂರಿನ ದರ್ಬೆಯ ನಮ್ಮ ಸಣ್ಣ ಇಂಟರ್ನೆಟ್ ಕಚೇರಿಯಲ್ಲಿ ಅವರು ನನಗಿಂತ ಹಿರಿಯರು, ನಮಗೆಲ್ಲ ಅಕ್ಕ. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆ ನಮ್ಮ ಲೈನು. ಹೊರಲೋಕಕ್ಕೆ ಬಾಗಿಲು ಮಾತ್ರ ಎರಡು, ಪುತ್ತೂರಿನದು ಮತ್ತು ಸುಳ್ಯದ್ದು. ಯಾವ ಬಾಗಿಲೆಂದು ರೂಟರುಗಳೇ ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ಆರಿಸಿಕೊಳ್ಳುತ್ತಿದ್ದವು.

ಕಡಬದ ರಬ್ಬರ್ ತೋಟದ ಮಲಯಾಳಿ ಕ್ರೈಸ್ತ ಅಮ್ಮಚ್ಚಿಯೊಬ್ಬರು ದಿನಾ ಫೋನ್ ಮಾಡತೊಡಗಿದರು. ಅವರ ಮಗಳು ಕುವೈತಿನಲ್ಲಿ ನರ್ಸ್, ಊರಿಗೆ ಬಾರದೆ ವರ್ಷಗಳಾಗಿದ್ದವು. ಸಂಜೆಯ ಪ್ರಾರ್ಥನೆಯನ್ನು ಇಬ್ಬರೂ ವಿಡಿಯೋದಲ್ಲೇ ಒಟ್ಟಿಗೆ ಹೇಳುತ್ತಿದ್ದರು. ಅರ್ಧಕ್ಕೆ ಬರುವಾಗ ಮಗಳ ಮುಖ ಅಲ್ಲಾಡದೆ ನಿಂತುಬಿಡುತ್ತಿತ್ತು. ತಾಯಿಗೆ ಮಗಳು ಸಿಗುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಅಕ್ಕ ನೋಡಿದರು. ಕಡಬಕ್ಕೆ ನಮ್ಮ ಲೈನಿನಲ್ಲಿ ಪುತ್ತೂರೇ ಹತ್ತಿರ. ಆದರೂ ಕಡಬದ ರೂಟರ್ ಎಲ್ಲವನ್ನೂ ಪಂಜ ಎಂಬ ಊರಿನ ಮೇಲಾಗಿ, ಸಂಜೆಯಾದರೆ ಕಿಕ್ಕಿರಿಯುವ ಹಳೆಯ ಲೈನಿನಲ್ಲಿ ಸುಳ್ಯಕ್ಕೆ ಅಟ್ಟುತ್ತಿತ್ತು. ಎರಡು ಬಾಗಿಲಿಗೂ ಟೈಪ್ ಎರಡು ಎಂದು ಹಾಕಿದ್ದೆವು. ಅದರಲ್ಲಿ ಬಾಗಿಲಿನಾಚೆಯ ಕಾಸ್ಟ್, ಅಂದರೆ ಆ ದಾರಿಗೆ ನಾವು ಕೊಟ್ಟ ಬೆಲೆಯ ಅಂಕಿ, ಮಾತ್ರ ಲೆಕ್ಕ. ಸುಳ್ಯದ್ದು ಕಡಿಮೆಯಿತ್ತು.

“ಆಚೆಯ ಕಾಸ್ಟ್ ಕಡಿಮೆ ಉಂಟು, ಸರಿ ಮಾರಾಯ. ಬಾಗಿಲವರೆಗೆ ಹೋಗುದು ಎಂತ ಪುಕ್ಕಟೆಯಾ?” ಎಂದರು ಅಕ್ಕ.

ನಮ್ಮ ಧಣಿಗೆ ಯಾವುದಕ್ಕೂ ತಾಳ್ಮೆಯಿಲ್ಲ. ಅಕ್ಕ ಊಟಕ್ಕೆ ಹೋದಾಗ ತಾನೇ ಕೂತು ಪುತ್ತೂರನ್ನು ಮಾತ್ರ ಟೈಪ್ ಒಂದು ಮಾಡಿದರು. ಅದು ಒಳಗಿನ ದಾರಿಯನ್ನೂ ಕೂಡಿಸಿ ನೋಡುತ್ತದೆ, ಅಷ್ಟು ಸರಿ. ಆದರೆ ಟೈಪ್ ಒಂದು ಕಂಡರೆ ರೂಟರು ಟೈಪ್ ಎರಡರ ಕಡೆ ತಿರುಗಿಯೂ ನೋಡುವುದಿಲ್ಲ, ಕಾಸ್ಟ್ ಎಷ್ಟೇ ಇರಲಿ. ಸುಳ್ಯದ ಮಗ್ಗುಲಿನ ಅಜ್ಜಾವರ, ಆಲೆಟ್ಟಿಯವರದ್ದೂ ಸುತ್ತಿ ಬಳಸಿ ಪುತ್ತೂರಿಗೆ ಬಂತು. ಪುತ್ತೂರಿನ ಬಾಗಿಲು ಉಸಿರುಗಟ್ಟಿತು, ಸುಳ್ಯದ್ದು ಖಾಲಿ ಬಿದ್ದಿತು. ಫೋನುಗಳ ಮೇಲೆ ಫೋನು. ಕಡಬದಲ್ಲಿ ಇರುವುದೇ ನಾಲ್ಕು ಮನೆ, ಮೊದಲಿದ್ದ ಹಾಗೇ ಮಾಡಿಬಿಡಿ ಎಂದರು ಧಣಿ.

“ಬೇಡ. ಎರಡನ್ನೂ ಟೈಪ್ ಒಂದು ಮಾಡುವ,” ಎಂದರು ಅಕ್ಕ. “ಇವತ್ತು ಪ್ರಾರ್ಥನೆ ನಿಲ್ಲುದಿಲ್ಲ ಅಂತ ಅಮ್ಮಚ್ಚಿಗೆ ಹೇಳಿಯಾಗಿದೆ.”

ಮಾಡಿದರು. ಪ್ರತಿ ಊರೂ ತನಗೆ ಒಟ್ಟಾರೆ ಅಗ್ಗವಾದ ಬಾಗಿಲು ಹಿಡಿಯಿತು, ಕಡಬ ಪುತ್ತೂರಿಗೆ, ಅಜ್ಜಾವರ ಸುಳ್ಯಕ್ಕೆ. ಸಂಜೆ ಅಮ್ಮಚ್ಚಿ ಫೋನ್ ಮಾಡಿದಾಗ ಬೈಗುಳಕ್ಕೆ ತಯಾರಾಗಿಯೇ ಎತ್ತಿದೆ. ಅವರು ಕೇಳಿದ್ದು ಅಕ್ಕನ ಹೆಸರು, ಅಷ್ಟೇ. ಆಮೇಲೆ ಮರಗೆಣಸು ಕಿತ್ತಾಗಲೆಲ್ಲ ಅಕ್ಕನಿಗೆಂದು ಒಂದು ಚೀಲ ಬರುತ್ತಿತ್ತು, ತಿಂದು ಮುಗಿಸುತ್ತಿದ್ದವರು ನಾವು.

ಆ ಅಕ್ಕ ಈಗಿಲ್ಲ. ಕಾಯಿಲೆ ಎಂದರು, ರಜೆ ಹಾಕಿದರು, ಮತ್ತೆ ಬರಲೇ ಇಲ್ಲ... ನೆನೆದರೆ ನನಗೆ ಇವತ್ತಿಗೂ ಸಿಟ್ಟೇ ಬರುತ್ತದೆ, ಅಷ್ಟು ಅವಸರ ಏನಿತ್ತು ಅವರಿಗೆ?

ಮೊನ್ನೆ ಮೋಡೆಮ್ ಬದಲಿಸಲು ಅಮ್ಮಚ್ಚಿಯ ಮನೆಗೆ ಹೋಗಿದ್ದೆ. ಮುಗಿಯುವಾಗ ಪ್ರಾರ್ಥನೆಯ ಹೊತ್ತು. ಕೊನೆಯಲ್ಲಿ ತೀರಿಹೋದ ಮನೆಯವರ ಹೆಸರು ಹೇಳುವುದು ಅವರ ರೂಢಿ. ಗಂಡನ ಹೆಸರು, ಅತ್ತೆಯ ಹೆಸರು, ಅದರ ಹಿಂದೆಯೇ ನಮ್ಮ ಅಕ್ಕನ ಹೆಸರು. ಮೊಬೈಲಿನೊಳಗಿಂದ ಮಗಳೂ ಹೇಳಿದಳು. ನಾನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಕೇಬಲನ್ನು ಮತ್ತೆ ಡಬ್ಬಕ್ಕೆ ಹಾಕಲು ಮನಸ್ಸಾಗುತ್ತಿಲ್ಲ. ಸಂಜೆಯಾಗಿದೆ, ಎದುರಿನ ಪುತ್ತೂರಿನ ರೂಟರಿನಲ್ಲಿ ಹಸಿರು ದೀಪ ಮಿನುಗುತ್ತಿದೆ. ಅಕ್ಕ ಹಾಕಿಕೊಟ್ಟ ದಾರಿಯಲ್ಲೇ ಅಕ್ಕನ ಹೆಸರು ಈಗ ಇಲ್ಲಿಂದ ದಾಟಿ ಹೋಗುತ್ತಿರಬೇಕು. ಅಕ್ಕ ಮಾತ್ರ ಇಲ್ಲ.