ಅಕ್ಕನ ಕಣ್ಣಳತೆಯ ಆಚೆ ಒಂದು ರೂಮು

ಟೈಲರಮ್ಮ ಮಹಾನಗರಕ್ಕೆ ಎಷ್ಟೋ ಸಲ ಹೋಗಿ ಬಂದಿದ್ದರು. ಆದರೆ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಅವರು ಕಂಡ ಮಹಾನಗರವೆಂದರೆ ಅಕ್ಕನ ಮನೆಯ ಹಿಂಬದಿಯ ಕೋಣೆ, ಅಲ್ಲಿನ ಹೊಲಿಗೆ ಯಂತ್ರ, ಯಂತ್ರದ ಎದುರಿಗಿದ್ದ ಹಸಿರು ಗೋಡೆ. ಊರಿಗೆ ಮರಳಿದಾಗ ಗಿರಾಕಿಗಳು "ಏನೇನ್ ನೋಡಿದ್ರಿ?" ಎಂದು ಕೇಳಿದರೆ ಅವರು ನಾಲ್ಕು ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಬಟ್ಟೆಯತ್ತ ಬಾಗುತ್ತಿದ್ದರು. ಬಾಯಿಯಲ್ಲಿ ಸೂಜಿ ಇರುವವರಿಂದ ಯಾರೂ ಉತ್ತರವನ್ನು ನಿರೀಕ್ಷಿಸುವುದಿಲ್ಲ. ಅದು ಆ ಕಸುಬಿಗಿರುವ ಒಂದು ಅನುಕೂಲ.

ಹಾಗೆಂದು ಅಕ್ಕ ಕೆಟ್ಟವರಲ್ಲ. ತಾಯಿಯಿಲ್ಲದ ಮನೆಯಲ್ಲಿ ತಂಗಿಗೆ ಜಡೆ ಹಾಕಿ ಬೆಳೆಸಿದವರು ಅವರೇ, ತಂದೆಯೊಡನೆ ಜಗಳವಾಡಿ ಅವಳನ್ನು ಹೊಲಿಗೆ ತರಗತಿಗೆ ಸೇರಿಸಿದವರೂ ಅವರೇ. ತಂಗಿ ಬಂದಳೆಂದರೆ ಒಂದು ಕೈಯಲ್ಲಿ ಊಟ ಬಡಿಸುತ್ತ, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟನ್ನು ಮುಂದಕ್ಕೆ ತಳ್ಳುತ್ತಿದ್ದರು.

"ಸುಮ್ನೆ ಕೂತ್ರೆ ನಿಂಗೆ ಬೇಜಾರಾಗತ್ತಲ್ಲ ಪುಟ್ಟೀ, ಅದಕ್ಕೇ ಎತ್ತಿಟ್ಟಿದ್ದೆ."

ಗಂಟಿನೊಳಗೆ ಪರದೆಗಳಿರುತ್ತಿದ್ದವು, ದಿಂಬಿನ ಚೀಲಗಳಿರುತ್ತಿದ್ದವು, ಭಾವನ ಅಂಗಿಗಳಿರುತ್ತಿದ್ದವು. ಅಡಿಯಲ್ಲಿ ನಾಚಿಕೊಂಡಂತೆ ಪಕ್ಕದ ಮನೆಯವರ ಬಟ್ಟೆಗಳೂ ಇರುತ್ತಿದ್ದವು. ಸಾಕಿದ ಅಕ್ಕನಿಗೆ ಇಲ್ಲವೆನ್ನಲು ಟೈಲರಮ್ಮನಿಗೆ ನಾಲಿಗೆ ಏಳುತ್ತಿರಲಿಲ್ಲ.

ಈ ಸಲ ಟೈಲರಮ್ಮನ ಯಜಮಾನರಿಗೆ ನಾಲ್ಕು ದಿನ ರಜೆ ಸಿಕ್ಕಿತು. ಅವರದು ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡುವ ನೌಕರಿ. ಎಲ್ಲಿಗೆ ಹೋಗೋಣವೆಂದು ಅವರು ಕೇಳುವುದರೊಳಗೆ ಟೈಲರಮ್ಮನ ಉತ್ತರ ಸಿದ್ಧವಾಗಿತ್ತು.

"ಮಹಡಿ ಬಸ್ಸಲ್ಲಿ, ಮೇಲೆ, ಎಲ್ಲಕ್ಕಿಂತ ಮುಂದಿನ ಸೀಟಲ್ಲಿ ಕೂತು ಆ ಊರನ್ನೊಮ್ಮೆ ಕಣ್ತುಂಬ ನೋಡ್ಬೇಕು ರೀ. ಕೈಯಲ್ಲಿ ಸೂಜಿ ಇರಬಾರದು, ಎದುರಿಗೆ ಗೋಡೆ ಇರಬಾರದು. ಅಕ್ಕನಿಗೆ ಗೊತ್ತಾಗಬಾರದು."

"ಮೊದಲೆರಡು ಆಗತ್ತೆ. ಮೂರನೇದು ನೋಡೋಣ," ಎಂದರು ಯಜಮಾನರು.

ಅಂದು ಸಂಜೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಹಾನಗರದ ನಕ್ಷೆಯನ್ನು ಹರಡಿದರು. ಸಾಮಾನ್ಯರು ಹೋಟೆಲನ್ನು ಆರಿಸುವುದು ನೋಡಬೇಕಾದ ಜಾಗಗಳು ಎಷ್ಟು ಹತ್ತಿರವಿವೆ ಎಂದು ಲೆಕ್ಕ ಹಾಕಿ. ಇವರ ಲೆಕ್ಕ ತಿರುವುಮುರುವು: ಅಕ್ಕ ಎಷ್ಟು ದೂರವಿದ್ದಾರೆ ಎಂಬುದೊಂದೇ ಪ್ರಶ್ನೆ. ಅಕ್ಕನ ಮನೆಯ ಮೇಲೆ ಟೈಲರಮ್ಮ ಒಂದು ಕೋಟಿನ ಗುಂಡಿಯನ್ನಿಟ್ಟರು. ಅಲ್ಲಿಂದ ಟೇಪು ಹಿಡಿದು, ಅಕ್ಕನ ಕಾಲು ತಲುಪುವ ಜಾಗಗಳನ್ನೆಲ್ಲ ಸೀಮೆಸುಣ್ಣದಿಂದ ಸುತ್ತುತ್ತ ಹೋದರು: ತರಕಾರಿ ಮಾರುಕಟ್ಟೆ, ಹಲ್ಲಿನ ಡಾಕ್ಟರು, ಮಹಿಳಾ ಸಂಘ, ಸಂಘದಲ್ಲಿ ಜಗಳವಾದ ಮೇಲೆ ಸೇರಿಕೊಂಡ ಇನ್ನೊಂದು ಸಂಘ.

"ರೈಲ್ವೆ ಸ್ಟೇಷನ್ ಹತ್ರ ಅಗ್ಗದ ಹೋಟೆಲ್ ರಾಶಿ ಇವೆ," ಎಂದು ಯಜಮಾನರು ಬೆರಳಿಟ್ಟರು.

"ಬೇಡಪ್ಪಾ ಬೇಡ. ಯಾರೇ ಊರಿಗೆ ಹೊರಟರೂ ಅಕ್ಕ ಸ್ಟೇಷನ್ನಿಗೆ ಬಂದು ಕೈ ಬೀಸ್ತಾಳೆ. ಪರಿಚಯ ಇಲ್ಲದವರಿಗೂ ಬೀಸ್ತಾಳೆ."

"ಕೆರೆ ಪಕ್ಕ?"

"ಬೆಳಿಗ್ಗೆ ವಾಕಿಂಗ್."

"ಮ್ಯೂಸಿಯಂ ಪಕ್ಕ? ಅಲ್ಲಿಗ್ಯಾರು ಹೋಗ್ತಾರೆ?"

"ಅಲ್ಲಿ ಶೌಚಾಲಯ ಸ್ವಚ್ಛವಾಗಿದೆ ಅಂತ ಪೇಟೆಗೆ ಹೋದಾಗೆಲ್ಲ ಒಳಗೆ ಹೊಕ್ಕು ಬರ್ತಾಳೆ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮಕ್ಕ ಮೀಟರ್ ನೋಡೋ ಕೆಲಸಕ್ಕೆ ಸೇರಿದ್ರೆ ಇಷ್ಟೊತ್ತಿಗೆ ಇಲಾಖೆಗೇ ಮುಖ್ಯಸ್ಥರಾಗಿರೋರು."

ಕೊನೆಗೆ ಸುಣ್ಣ ತಾಗದೆ ಉಳಿದದ್ದು ನಕ್ಷೆಯ ಕೆಳಗಿನ ಮೂಲೆಯ ಒಂದು ತುಂಡು ಮಾತ್ರ: ಬಸ್ ಡಿಪೋ, ಅದರ ಸುತ್ತ ಗೋದಾಮುಗಳು, ಟೈರು ಅಂಗಡಿಗಳು. ಪ್ರವಾಸಿಗರು ತಲೆ ಹಾಕಿಯೂ ಮಲಗದ ಜಾಗ. ಅಲ್ಲಿಯೂ ಒಂದು ಅಗ್ಗದ ಹೋಟೆಲಿತ್ತು. ಅದಕ್ಕಿಂತ ಮುಖ್ಯವಾಗಿ, ಮಹಡಿ ಬಸ್ಸುಗಳು ಹೊರಡುವುದು ಆ ಡಿಪೋದಿಂದಲೇ. ಮುಂದಿನ ಸೀಟು ಖಾಲಿ ಸಿಗಬೇಕೆಂದರೆ ಅಲ್ಲಿಯೇ ಹತ್ತಬೇಕು.

"ಟೈರ್ ಅಂಗಡಿ ಬೀದಿಗೆ ನಿಮ್ಮಕ್ಕ ಯಾಕ್ ಬರ್ತಾರೆ? ಟೈರಿಗೆ ಗವಸು ಹೊಲಿಸೋಕಾ?" ಎಂದು ಯಜಮಾನರು ನಕ್ಕರು.

"ನೆನಪಿಸ್ಬೇಡಿ, ಹೊಲಿಸಿದರೂ ಹೊಲಿಸ್ತಾಳೆ," ಎಂದ ಟೈಲರಮ್ಮ ಆ ಮೂಲೆಗೆ ಒಂದು ಗುಂಡುಸೂಜಿ ಚುಚ್ಚಿದರು. ಅಕ್ಕನ ಓಡಾಟದ ಒಂದೆಳೆಯನ್ನೂ ತಾವು ಬಿಟ್ಟಿಲ್ಲವೆಂಬ ಹೆಮ್ಮೆ ಅವರ ಮುಖದಲ್ಲಿತ್ತು. ಆದರೆ ಅಕ್ಕನ ಮನೆಯಲ್ಲಿ ಭಾವ ಎಂಬೊಬ್ಬರಿದ್ದಾರೆ, ಅವರಿಗೂ ಎರಡು ಕಾಲುಗಳಿವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅವರ ತಪ್ಪೆನ್ನುವಂತಿಲ್ಲ, ಆ ಭಾವನ ವಿಷಯದಲ್ಲಿ ಬಂಧುಬಳಗದ ಯಾರಿಗೂ ಅದು ಹೊಳೆದದ್ದಿಲ್ಲ.

ಹೋಟೆಲಿನ ಮುಂಗಟ್ಟು ಕಿರಿದಾಗಿತ್ತು. ಒಳಗೆ ಫಿನಾಯಿಲ್ ವಾಸನೆ, ಒಂದು ಪ್ಲಾಸ್ಟಿಕ್ ಗಿಡ, ಉದ್ದನೆಯ ಕೌಂಟರು, ಕೌಂಟರಿನ ಮೇಲೆ ಹಿತ್ತಾಳೆಯ ಗಂಟೆ. ಕೌಂಟರಿನಾಚೆ ನಿಂತವರೊಬ್ಬರು ಇವರಿಗೆ ಬೆನ್ನು ಮಾಡಿ ಬೀಗದ ಕೈಗಳನ್ನು ಮೊಳೆಗೆ ನೇತುಹಾಕುತ್ತಿದ್ದರು. ಯಜಮಾನರು ಗಂಟೆಯತ್ತ ಕೈ ಚಾಚಿದರು. ಟೈಲರಮ್ಮ ಅವರ ಮಣಿಕಟ್ಟನ್ನು ಹಿಡಿದುಬಿಟ್ಟರು.

ಆ ಬೆನ್ನಿನ ಮೇಲಿದ್ದದ್ದು ನೀಲಿ ಚೌಕಳಿಯ ಅಂಗಿ. ಹೆಗಲಪಟ್ಟಿಯ ಚೌಕಳಿಗಳು ಬೆನ್ನಿನ ಚೌಕಳಿಗಳಿಗೆ ಕೂಡಿರಲಿಲ್ಲ. ಅರ್ಧ ಬೆರಳಿನಷ್ಟು ಪಕ್ಕಕ್ಕೆ ಜರುಗಿದ್ದವು. ಹಾಗೆ ಚೌಕಳಿ ತಪ್ಪಿಸಿ ಟೈಲರಮ್ಮ ತಮ್ಮ ಜೀವಮಾನದಲ್ಲಿ ಒಂದೇ ಅಂಗಿ ಹೊಲಿದಿದ್ದರು. ಅದೂ ಅಕ್ಕ ಕಡಿಮೆ ಬಟ್ಟೆ ತಂದುಕೊಟ್ಟು "ಬೆನ್ನನ್ನ ಯಾರೇ ನೋಡ್ತಾರೆ?" ಎಂದಿದ್ದರಿಂದ.

"ಭಾವ," ಎಂದರು ಟೈಲರಮ್ಮ ಮೆಲ್ಲಗೆ.

ಬೀಗದ ಕೈಗಳು ಝಣಝಣನೆ ನೆಲಕ್ಕೆ ಬಿದ್ದವು. ಭಾವ ತಿರುಗಿದರು. ಮೂವರ ಮುಖಗಳೂ ಒಮ್ಮೆಗೇ ಹುಳ್ಳಗಾದವು.

"ನೀವಾ!" ಎಂದರು ಭಾವ. ಆಮೇಲೆ ಬಾಗಿಲಿನತ್ತ ಇಣುಕಿ, "ಅವಳೂ ಬಂದಿದಾಳಾ?"

"ಅಯ್ಯೋ, ಅದನ್ನ ನಾವು ಕೇಳ್ಬೇಕು ಅಣ್ಣಾ," ಎಂದರು ಯಜಮಾನರು.

ಅಕ್ಕ ಬಂದಿಲ್ಲವೆಂಬುದು ಎರಡೂ ಕಡೆ ಖಚಿತವಾದ ಮೇಲೆ ಭಾವ ಕುರ್ಚಿಗೆ ಒರಗಿ ತಮ್ಮ ಕಥೆ ಹೇಳಿದರು. ನಿವೃತ್ತಿಯಾದ ಮೇಲೆ ಅವರು ದಿನಾ ಬೆಳಿಗ್ಗೆ ಮಂಡಿನೋವಿನ ಚಿಕಿತ್ಸೆಗೆಂದು ಹೇಳಿ ಮನೆ ಬಿಡುತ್ತಾರೆ, ಮಧ್ಯಾಹ್ನದ ತನಕ ಇಲ್ಲಿ ಬಂದು ಕೂರುತ್ತಾರೆ.

"ಅಲ್ಲ ಭಾವ, ಈ ವಯಸ್ಸಲ್ಲಿ ಕೆಲಸ ಯಾಕೆ?"

"ಕೆಲಸ ಅಂತ ಯಾರಂದ್ರು? ಆಫೀಸಲ್ಲಿ ಅಷ್ಟು ವರ್ಷ ಸಾಹೇಬರು ಬೆಲ್ ಹೊಡೆದಾಗ ನಾನು ಓಡಿದೆ. ಮನೇಲಿ ನಿಮ್ಮಕ್ಕ ಕೂಗಿದಾಗ ಓಡಿದೆ. ಇಲ್ಲಿ ನೋಡು." ಭಾವ ಹಿತ್ತಾಳೆ ಗಂಟೆಯನ್ನು ಅಂಗೈಯಿಂದ ತಟ್ಟಿದರು. ಒಳಗಿನಿಂದ ದಪ್ಪ ಮೀಸೆಯ ಆಳೊಬ್ಬ ಓಡಿಬಂದು ನಿಂತ. "ಏನಿಲ್ಲ, ಹೋಗು," ಎಂದರು. ಆತ ಹೋದ. ಭಾವನ ಮುಖ ಬೆಳಗುತ್ತಿತ್ತು. "ಬೇಕಾದ್ರೆ ಇನ್ನೊಂದ್ಸಲ ಹೊಡೀತೀನಿ."

ನಿಮ್ಮನ್ನು ನಾನು ನೋಡಿಲ್ಲ, ನನ್ನನ್ನು ನೀವು ನೋಡಿಲ್ಲ ಎಂದು ಒಪ್ಪಂದವಾಯಿತು. ಎಲ್ಲವೂ ಸಲೀಸಾಗಿ ಮುಗಿಯಿತೆನ್ನುವಷ್ಟರಲ್ಲಿ ಭಾವ ಗಂಟಲು ಸರಿಮಾಡಿಕೊಂಡರು.

"ಒಂದು ಚಿಕ್ಕ ವಿಷಯಮ್ಮ. ಇಲ್ಲಿ ದಿಂಬಿನ ಚೀಲ ಎಲ್ಲಾ ಬಿಚ್ಚಿಕೊಂಡಿವೆ. ಹಿಂದಿನ ರೂಮಲ್ಲಿ ಮಷಿನ್ನೂ ಇದೆ. ನೀನು ಒಂದೆರಡು ಗಂಟೆ ಕೂತ್ರೆ, ಮಾಲೀಕರಿಗೆ ಹೇಳಿ ರೂಮ್ ಬಾಡಿಗೇನೇ ಬಿಡಿಸ್ತೀನಿ. ಸುಮ್ನೆ ಕೂತ್ರೆ ನಿಂಗೂ ಬೇಜಾರು."

ಅಕ್ಕನಿಂದ ಅಷ್ಟು ದೂರ ಓಡಿಬಂದರೂ ಅಕ್ಕನ ಮಾತು ಭಾವನ ಬಾಯಿಯಲ್ಲಿ ಕುಳಿತು ಕಾಯುತ್ತಿತ್ತು. ಭಾವನ ಹೆಗಲಾಚೆ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು, ಯಂತ್ರ ಕಾಣುತ್ತಿತ್ತು, ಯಂತ್ರದ ಎದುರಿಗೆ ಗೋಡೆಯೂ. ಟೈಲರಮ್ಮ ಗಂಡನ ಮುಖ ನೋಡಿದರು. ಬಾಡಿಗೆಯ ಮಾತು ಕೇಳಿ ಯಜಮಾನರ ಹುಬ್ಬುಗಳು ಮೇಲೇರಿದ್ದವು, ಇನ್ನೂ ಇಳಿದಿರಲಿಲ್ಲ.

"ಒಂದೆರಡು ಗಂಟೆ ತಾನೆ..." ಎಂದು ಅವರು ಬಾಯಿ ತೆರೆದರು.

"ನೀವು ಸುಮ್ನಿರಿ," ಎಂದರು ಟೈಲರಮ್ಮ. ಒಂದು ಕ್ಷಣ ಅವರ ತುಟಿಗಳು ಅಭ್ಯಾಸಬಲದಿಂದ ಸೂಜಿ ಕಚ್ಚುವಂತೆ ಬಿಗಿದುಕೊಂಡವು. ಆದರೆ ನಡುವೆ ಸೂಜಿಗಳಿರಲಿಲ್ಲ. ಮಾತು ಹೊರಗೆ ಬಂತು.

"ಇಲ್ಲ ಭಾವ. ಆಗಲ್ಲ."

ಅಷ್ಟು ವರ್ಷ ಏಳದ ಮಾತು ಅಷ್ಟು ಹಗುರವಾಗಿ ಬಂದದ್ದನ್ನು ಕಂಡು ಅವರಿಗೇ ಬೆರಗಾಯಿತು. ರುಚಿ ಹತ್ತಿದಂತೆ ಮತ್ತೊಮ್ಮೆ ಹೇಳಿದರು. "ಸುತಾರಾಂ ಆಗಲ್ಲ. ಗುಂಡಿಗೆ ಒಂದು ಕಾಜಾ ಕೂಡ ಹಾಕಲ್ಲ. ನಾನು ಬಸ್ ಹತ್ತೋಕೆ ಬಂದಿದೀನಿ."

"ಹಾಗಲ್ಲಮ್ಮ, ಮನೆಯವಳಂತೆ ಅಂತ..."

"ಮನೆಯವಳೇ. ಅದಕ್ಕೇ ಅಕ್ಕನ ನಂಬರ್ ಬಾಯಿಪಾಠ. ಮಂಡಿ ಚಿಕಿತ್ಸೆ ಹೇಗೆ ನಡೀತಿದೆ ಅಂತ ಈಗಲೇ ವಿಚಾರಿಸ್ಲಾ?"

ಭಾವ ಷಡ್ಡಕನ ಮುಖ ನೋಡಿದರು. ಷಡ್ಡಕ ಪ್ಲಾಸ್ಟಿಕ್ ಗಿಡವನ್ನು ಅತ್ಯಂತ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಭಾವ ತೆಪ್ಪಗೆ ಮೊಳೆಯಿಂದ ಒಂದು ಬೀಗದ ಕೈ ತೆಗೆದು ಮುಂದಿಟ್ಟರು. "ಮೇಲಿನ ರೂಮು. ಕಿಟಕಿ ಬೀದಿ ಕಡೆ ಇದೆ. ಬಿಸಿನೀರು ಬರತ್ತೆ, ಸ್ವಲ್ಪ ಕಾಯ್ಬೇಕು."

ರೂಮಿನಲ್ಲಿ ದಿಂಬಿನ ಚೀಲ ನಿಜಕ್ಕೂ ಬಿಚ್ಚಿಕೊಂಡಿತ್ತು, ದಾರ ಬಾಲದಂತೆ ನೇತಾಡುತ್ತಿತ್ತು. ಟೈಲರಮ್ಮನ ಬೆರಳುಗಳು ತುರಿಸಿದವು. ಅವರು ಅದನ್ನು ಗೋಡೆಯ ಕಡೆಗೆ ಮುಖ ಮಾಡಿಸಿ ಮಲಗಿಸಿ, ಚಪ್ಪಲಿ ಮೆಟ್ಟಿಕೊಂಡು ಗಂಡನೊಡನೆ ಡಿಪೋದತ್ತ ಹೆಜ್ಜೆ ಹಾಕಿದರು.

ಬಸ್ಸು ಖಾಲಿಯಾಗಿತ್ತು. ಟೈಲರಮ್ಮ ಕಿರಿದಾದ ಮೆಟ್ಟಿಲುಗಳನ್ನು ಹುಡುಗಿಯಂತೆ ಏರಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕುಳಿತು, ಕೈಗಳೆರಡನ್ನೂ ಮಡಿಲಲ್ಲಿ ಬರಿದಾಗಿ ಇಟ್ಟುಕೊಂಡರು. ಬಸ್ಸು ಗುಡುಗುಡಿಸಿ ಹೊರಟಿತು. ಎದುರಿಗೆ ಗಾಜು, ಗಾಜಿನಾಚೆ ಬೀದಿಗೆ ಬೀದಿಯೇ ಬಿಚ್ಚಿಕೊಳ್ಳುತ್ತಿತ್ತು: ಮನುಷ್ಯರ ನೆತ್ತಿಗಳು, ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದ ಒಬ್ಬ ಮುದುಕ, ಅಂಗಡಿ ಫಲಕಗಳ ಮೇಲೆ ಬಿಸಿಲು ಕಾಯುತ್ತಿದ್ದ ಬೆಕ್ಕುಗಳು. ಸೇತುವೆಯ ತಿರುವಿನಲ್ಲಿ ಊರೆಲ್ಲ ಒಮ್ಮೆಗೇ ಎದುರಾಯಿತು. ಆಗಲೇ ಫೋನು ಹೊಡೆದುಕೊಂಡಿತು. ಅಕ್ಕ.

"ಏನೇ ಪುಟ್ಟೀ, ಅದೇನದು ಗುಡುಗುಡು ಸದ್ದು?"

"ಮಷಿನ್ ಕಣಕ್ಕ," ಎಂದರು ಟೈಲರಮ್ಮ ಕಣ್ಣು ಮಿಟುಕಿಸದೆ.

"ಅಯ್ಯೋ, ಪಾಪ! ಯಾವಾಗ ನೋಡಿದ್ರೂ ಹೊಲೀತಾನೇ ಇರ್ತೀಯಲ್ಲೇ. ಒಂದ್ನಾಲ್ಕು ದಿನ ಇಲ್ಲಿಗೆ ಬಂದು ಆರಾಮಾಗಿ ಇರಬಾರ್ದಾ? ನಿಮ್ಮ ಭಾವನ್ನ ನೋಡು, ಆ ಮಂಡಿ ಚಿಕಿತ್ಸೆಗೆ ಹೋಗೋಕೆ ಶುರು ಮಾಡಿದ ಮೇಲೆ ಮುಖದಲ್ಲಿ ಏನು ಕಳೆ ಅಂತೀಯ!"

ಟೈಲರಮ್ಮ ಗಂಡನ ತೋಳನ್ನು ಜೋರಾಗಿ ಚಿವುಟಿದರು. ನಗು ತಡೆಯಲಾರದೆ ಯಜಮಾನರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು.

"ಬಾರೇ. ಸೋಫಾಗೆ ಹೊಸ ಗವಸಿಗೆ ಬಟ್ಟೆ ತಂದಿಟ್ಟಿದೀನಿ, ಬೇಜಾರಾಗಲ್ಲ ನಿಂಗೆ."

"ಆಗಲ್ಲ ಅಕ್ಕ," ಎಂದರು ಟೈಲರಮ್ಮ.

"ಏನಂದೆ?" ಎಂದರು ಅಕ್ಕ.

"ಈಗ ಆಗಲ್ಲ ಅಂದೆ. ಸೋಫಾ ಗವಸು ಯಾರ ಹತ್ರಾನಾದ್ರೂ ಹೊಲಿಸ್ಕೋ. ಮುಂದಿನ ತಿಂಗಳು ಬರ್ತೀನಿ, ನಿನ್ನನ್ನ ಒಂದು ಕಡೆ ಕರ್ಕೊಂಡು ಹೋಗ್ಬೇಕು. ನಿಮ್ಮೂರಲ್ಲಿ ಮಹಡಿ ಬಸ್ ಇದೆಯಂತಲ್ಲ, ಹತ್ತಿದೀಯಾ ನೀನು?"

"ನಾನೆಲ್ಲೇ ಹತ್ಲಿ? ನಂಗೆಲ್ಲಿ ಪುರುಸೊತ್ತು," ಎಂದರು ಅಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, "ಮೇಲೆ ಕೂತ್ರೆ ತಲೆ ತಿರುಗಲ್ವೇನೇ?" ಎಂದು ಕೇಳಿದರು.

"ನಂಗೇನು ಗೊತ್ತಕ್ಕ," ಎಂದು ಟೈಲರಮ್ಮ ಗಾಜಿಗೆ ಹಣೆಯೊತ್ತಿ, ತಮ್ಮ ಕಾಲಡಿಯಲ್ಲಿ ಹರಿದುಹೋಗುತ್ತಿದ್ದ ಮಹಾನಗರವನ್ನು ನೋಡುತ್ತ ಹೇಳಿದರು. "ಕೂತೋರನ್ನ ಕೇಳಿ ಹೇಳ್ತೀನಿ."