ಖಾರದ ಒಲೆ ಹಚ್ಚಬಾರದೆಂದ ವರ್ಷ

ಆ ಬೆಳಿಗ್ಗೆ ಪಡಸಾಲೆಯಲ್ಲಿ ಮೂವರಿದ್ದೆವು. ಗೋಡೆಗೆ ಬೆನ್ನು ಕೊಟ್ಟು ಕುಳಿತ ನಮ್ಮತ್ತೆ, ರಾಣೆಬೆನ್ನೂರಿನಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದ ನನ್ನ ಗಂಡನ ಅಕ್ಕ, ಮತ್ತು ನಾನು. ಗಂಡ ಫೋಟೊದಲ್ಲಿದ್ದರು. ಹಾರ ಒಣಗಿತ್ತು, ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೆಣಸಿನಕಾಯಿಯ ಕಾಲ. ಹಾವೇರಿಯ ನಮ್ಮ ಓಣಿಯಲ್ಲಿ ಎಲ್ಲರ ಮಾಳಿಗೆ ಕೆಂಪಾಗಿತ್ತು, ನಮ್ಮದು ಬೋಳಾಗಿತ್ತು.

ಮಸಾಲೆ ಖಾರ ಮಾಡಿ ಮಾರುವುದು ನಮ್ಮ ಉದ್ಯೋಗ. ಬ್ಯಾಡಗಿ ಪೇಟೆಯಿಂದ ಕಾಯಿ ತರುವುದು ಅವರ ಕೆಲಸ, ತೊಟ್ಟು ಬಿಡಿಸಿ ಹುರಿಯುವುದು ನನ್ನದು. ಆಮೇಲೆ ಕೊಬ್ಬರಿ, ಬೆಳ್ಳುಳ್ಳಿ, ಕೊತ್ತಂಬರಿ ಕಾಳು ಕೂಡಿಸಿ ಗಿರಣಿಯಲ್ಲಿ ಕುಟ್ಟಿಸಿದರೆ ಓಣಿಯ ಮನೆಗಳಿಗೆಲ್ಲ ವರ್ಷದ ಖಾರ. ಸಂಕ್ರಾಂತಿಯ ಹಿಂದೆಮುಂದೆ ಒಂದು ದಿನ ಪೇಟೆಗೆ ಹೊರಟವರು ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಕುಳಿತರು, ಏಳಲಿಲ್ಲ. ಬಂದವರೆಲ್ಲ ಅತ್ತರು. ನಾನು ಅವರಿಗೆ ನೀರು ತಂದುಕೊಟ್ಟೆ. ನನಗೆ ಅಳು ಬರಲಿಲ್ಲ. ಅಳುವಿನ ಜೊತೆಗೆ ಮೂಗೂ ಹೋಗಿತ್ತು. ಹಾಲು ಉಕ್ಕಿ ಸೀದುಹೋದರೂ ಆಚೆಮನೆಯವರು ಕೂಗಿ ಹೇಳಬೇಕು.

"ಏ ತಂಗಿ, ಏಳು. ಅಜ್ಜಾರ ಕಡೆ ಹೋಗಿ ಬರೂಣು," ಎಂದಳು ಅಕ್ಕ. "ನೀ ಹಿಂಗ ಕಲ್ಲಾಗಿ ಕುಂತ್ರ ನನಗ ಅಂಜಿಕಿ ಬರತೈತಿ."

"ನಡ್ರಿ ಅಕ್ಕಾರ," ಎಂದೆ. ಬೇಡ ಎನ್ನಲು ಬೇಕಾಗುವಷ್ಟು ಕಸುವು ಹೂಂ ಎನ್ನಲು ಬೇಕಾಗುವುದಿಲ್ಲ.

ಹೊಸ್ತಿಲು ದಾಟುವಾಗ ಅತ್ತೆ ಸೀನಿದರು. ಒಂದೇ ಸೀನು. ಅಕ್ಕ ಚೀಲ ಕೆಳಗಿಟ್ಟಳು.

"ಒಂಟಿ ಸೀನು! ಕುಂದ್ರು, ನೀರು ಕುಡಿ."

"ಥಂಡಿ ಆಗೇತವಾ ನನಗ," ಎಂದರು ಅತ್ತೆ.

"ನಿನಗ ಥಂಡಿ. ಹಾದಿ ಹಿಡಿಯೋರು ನಾವು."

ಕುಳಿತೆವು, ನೀರು ಕುಡಿದೆವು. ಅವರಿದ್ದರೆ ನಗುತ್ತಿದ್ದರು. "ಅಕ್ಕಾ, ಬ್ಯಾಡಗಿ ಪ್ಯಾಟ್ಯಾಗ ಸೀನಿಗೆ ಶಕುನ ಹಿಡಿದ್ರ ಒಬ್ಬ ಮನಶ್ಯಾನೂ ಮನಿ ಮುಟ್ಟಂಗಿಲ್ಲ" ಎಂದು ಪ್ರತಿ ಸಲವೂ ಅನ್ನುತ್ತಿದ್ದರು. ಪೇಟೆಯ ಮಂದಿ ಮಾಡಿಕೊಂಡ ಕಟ್ಟಳೆಯೇ ಅದು: ಘಾಟಿನ ಸೀನಿಗೆ ಶಕುನವಿಲ್ಲ. ಖಾರ ಹುರಿಯುವ ನಮ್ಮ ಮನೆಗೂ ಅವರು ಅದೇ ಕಟ್ಟಳೆ ತಂದಿದ್ದರು. ಅಕ್ಕ ಮಾತ್ರ ಒಪ್ಪಿರಲಿಲ್ಲ.

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಗಳ ಹಿಂದಿನ ಓಣಿಯ ಮಾಳಿಗೆಮನೆಯಲ್ಲಿ, ಮಂದಿ ಹೇಳಿಕೆ ಕೇಳಲು ಹೋಗುವ ಆ ಅಜ್ಜಾರು ಇದ್ದರು. ಕೆಟ್ಟವರಲ್ಲ. ನಮಗೆ ಚಹಾ ತರಿಸಿದರು, ಫ್ಯಾನು ನನ್ನ ಕಡೆ ತಿರುಗಿಸಿದರು, ದಕ್ಷಿಣೆ ಕೇಳಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರು.

"ಮಗಳ, ಅವಂಗ ಇನ್ನೂ ಹಾದಿ ಸಿಕ್ಕಿಲ್ಲ. ಮನ್ಯಾಗ ಅದಾನ. ಖಾರದ ಒಲಿ ಒಂದ ವರ್ಷ ಹಚ್ಚಬ್ಯಾಡ. ಆ ಘಾಟು ಅವನ ಜೀವಕ್ಕ ತಟ್ಟತೈತಿ. ಹಚ್ಚಿದಿ ಅಂದ್ರ, ಮನ್ಯಾಗಿನ ಹಿರೀ ಜೀವಕ್ಕ ತ್ರಾಸ ಐತಿ."

ನಮ್ಮ ಮನೆಯಲ್ಲಿ ಹಿರಿಯ ಜೀವ ಎಂದರೆ ಅತ್ತೆ ಒಬ್ಬರೇ. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನು ಚಹಾದ ಮೇಲೆ ಕಟ್ಟಿದ ಕೆನೆ ನೋಡುತ್ತಿದ್ದೆ.

"ಏನರ ಅನಸಾಕತ್ತೈತೇನ ಮಗಳ?"

"ಇಲ್ರಿ ಅಜ್ಜಾರ."

ಖರೆ ಹೇಳಬೇಕೆಂದರೆ ಒಂದು ಅನಿಸಿತ್ತು. ದುಃಖವಲ್ಲ, ಭಕ್ತಿಯಲ್ಲ, ಸಿಟ್ಟೂ ಅಲ್ಲ. ಹೊಟ್ಟೆ ತುಂಬಿದ ಕೂಸಿಗೆ ಇನ್ನೊಂದು ತುತ್ತು ಹಿಡಿದರೆ ಅದು ಮುಖ ತಿರುಗಿಸುತ್ತದಲ್ಲ, ಒಳಗೆ ಯಾವುದೋ ಹಾಗೆ ತಿರುಗಿತು. ಒಲ್ಲೆ, ಅಷ್ಟೇ. ನನ್ನನ್ನು ಬೆಳೆಸಿದ ಅಮ್ಮ, ಎಂದರೆ ನಮ್ಮವ್ವನ ಅವ್ವ, ಹೇಳುತ್ತಿದ್ದಳು: "ಕಿವಿ ಮಂದಿಗೆ ಕೊಡು, ಹೊಟ್ಟಿ ನಿನಗ ಇಟಗೋ." ಆದರೆ ಇಲ್ಲಿ ನನ್ನ ಹೊಟ್ಟೆಯ ಮಾತು ಸುಳ್ಳಾದರೆ ಹೋಗುವುದು ನನ್ನ ಜೀವವಲ್ಲ, ಅತ್ತೆಯದು. ಅದಕ್ಕೇ ಸುಮ್ಮನಾದೆ. ಅಜ್ಜಾರು ಹೇಳಿದ್ದನ್ನು ಅತ್ತೆಗೆ ಹೇಳಬಾರದೆಂದು ಬಸ್ಸು ಹತ್ತಿಸುವಾಗ ಅಕ್ಕ ನನ್ನಿಂದ ಭಾಷೆ ತೆಗೆದುಕೊಂಡಳು.

ಒಲೆ ಹಚ್ಚಲಿಲ್ಲ. ದಿನಗಳು ಹೋದವು. "ಈ ವರ್ಷ ಖಾರ ಇಲ್ಲೇನ್ರಿ ಅಕ್ಕಾರ?" ಎಂದು ಗಿರಾಕಿಗಳು ಕೇಳಿ ಕೇಳಿ ಬೇರೆ ಕಡೆ ಹೋದರು. ನಾನು ಮಾಡಿದ್ದನ್ನೇ ಮಾಡುತ್ತಿದ್ದೆ: ಗುಡಿಸಿದ ಅಂಗಳ ಗುಡಿಸುವುದು, ಬೆಳಗಿದ ಕೊಡ ಬೆಳಗುವುದು. ಅತ್ತೆ ನೋಡುತ್ತಿದ್ದರು.

ಒಂದು ಸೋಮವಾರ ಸೀರೆ ಬದಲಿಸಿದೆ.

"ಎಲ್ಲಿಗೆ?"

"ಬ್ಯಾಡಗಿಗೆ ಹೋಗಿ ಬರ್ತೀನ್ರಿ ಅತ್ತೀ."

"ಯಾಕ?"

"ಗೊತ್ತಿಲ್ರಿ."

ಪೇಟೆಯಲ್ಲಿ ಎಲ್ಲರೂ ಮೂಗಿಗೆ ಟವೆಲ್ ಕಟ್ಟಿಕೊಂಡು ಸೀನುತ್ತಿದ್ದರು. ನಾನೊಬ್ಬಳು ಬರಿಮೂಗಿನಲ್ಲಿ, ದೇವರ ಮನೆಯಲ್ಲಿ ನಡೆದಂತೆ ನಡೆದೆ. ಅವರು ಯಾವಾಗಲೂ ಕಾಯಿ ತರುತ್ತಿದ್ದ ದಲಾಲಿ ಅಂಗಡಿಯ ಸಾಹುಕಾರರು ಎದ್ದು ನಿಂತು, "ಬರ್ರಿ ತಂಗಿ, ಕುಂದ್ರಿ" ಎಂದರು. ಒಂದು ಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಸರಿಸಿದರು.

ಮೊಣಕೈವರೆಗೆ ಕೈ ಹಾಕಿದೆ. ನನ್ನ ಗಂಡ ಕಾಯಿಯ ಮಾದರಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ತರುತ್ತಿದ್ದರು. ನಾನು ಹಿಡಿದು ನೋಡಿ ಹೂಂ ಅಥವಾ ಊಹೂಂ ಅಂದ ಮೇಲೆಯೇ ವ್ಯಾಪಾರ. ಯಾಕೆ ಎಂದು ಅವರು ಒಮ್ಮೆಯೂ ಕೇಳಿದವರಲ್ಲ.

"ಇದು ಬ್ಯಾಡ್ರಿ," ಎಂದೆ.

"ಯಾಕ್ರಿ, ಬಣ್ಣ ನೋಡ್ರಿ, ಹ್ಯಾಂಗೈತಿ!"

"ಗೊತ್ತಿಲ್ರಿ. ಆ ಮೂಲ್ಯಾಗಿಂದು ತೋರಸ್ರಿ."

ಅಂದ ಮೇಲೆ ಕೈ ಚೀಲದಲ್ಲೇ ಉಳಿಯಿತು. ರಾಣೆಬೆನ್ನೂರಿನ ಮಾಳಿಗೆಯಲ್ಲಿ ಒಳಗೆ ತಿರುಗಿದ್ದು ಇದೇ. ಇದೇ ಒಲ್ಲೆ. ಇಷ್ಟು ವರ್ಷ ಇದನ್ನು ನಂಬಿಯೇ ಕಾಯಿ ಕೊಂಡಿದ್ದೆವು, ಉಂಡಿದ್ದೆವು.

ಮೂಲೆಯ ಆ ಚೀಲ ಕೊಂಡು ಬಸ್ಸಿನಲ್ಲಿ ಹಾಕಿಸಿಕೊಂಡು ಬಂದೆ. ಅತ್ತೆಯ ಮುಂದೆ ಇಳಿಸಿ, ಕೊಟ್ಟ ಭಾಷೆ ಮುರಿದು, ಎಲ್ಲ ಹೇಳಿದೆ. "ಅಜ್ಜಾರು ಹೇಳಿದ್ದು ನಿಮ್ಮ ಜೀವದ ಮಾತರಿ ಅತ್ತೀ. ನನ್ನ ಮನಸ್ಸು ಹಚ್ಚು ಅಂತೈತಿ. ನೀವು ಬ್ಯಾಡ ಅಂದ್ರ ಹಚ್ಚೂದಿಲ್ಲ."

ಅತ್ತೆ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು.

"ಭಾಳ ಶಾಣ್ಯಾರು ಬಿಡವಾ ನೀವು. ನನ್ನ ಜೀವದ ಮಾತು, ನನ್ನೊಬ್ಬಾಕಿನ್ನ ಬಿಟ್ಟು ಎಲ್ಲಾರಿಗೂ ಗೊತ್ತೈತಿ."

ಕೈ ಹಾಕಿ ಒಂದು ಕಾಯಿ ತೆಗೆದು ತೊಟ್ಟು ಮುರಿದರು. ಇನ್ನೊಂದು ತೆಗೆದರು.

"ಮನ್ಯಾಗ ಅದಾನಂತ? ಇರಲಿ ಬಿಡವಾ. ಹುಟ್ಟಿದಾಗಿಂದ ಈ ಘಾಟಿನ್ಯಾಗ ಬೆಳದಾವ. ಇದು ಇಲ್ಲಂದ್ರ ಅವಂಗ ನಿದ್ದಿ ಹತ್ತತೈತೇನ? ಮೊರ ತಾ, ಹಿಂಗ ನೆಲಕ್ಕ ಸುರಿಬ್ಯಾಡ."

ಹಿತ್ತಲಲ್ಲಿ ಒಲೆ ಹಚ್ಚಿದೆವು. ಅತ್ತೆ ಸೀನಿದರು, ಕೆಮ್ಮಿದರು, ಕಣ್ಣು ಮೂಗು ಎಲ್ಲ ಸುರಿಯುತ್ತಿದ್ದರೂ ಏಳಲಿಲ್ಲ. ಆಚೆಮನೆಯವರು, "ಹಚ್ಚಿದಿರೇನ್ರಿ ಒಲಿ? ನಮ್ಮ ಮೂಗಿಗೆ ಗೊತ್ತಾತು!" ಎಂದು ಗೋಡೆಯಾಚೆಯಿಂದ ಕೂಗಿದರು. ನನಗೆ ಒಂದು ಸೀನೂ ಬರಲಿಲ್ಲ. ಮನಸ್ಸು ಹಗುರಾಯಿತು ಎಂದು ಬರೆಯಲಾರೆ. ಕೈ ಬಾಣಲೆಯಲ್ಲಿ ಆಡುತ್ತಿತ್ತು. ಕಾಯಿ ಕಪ್ಪಾಗುವ ಮೊದಲೇ ಇಳಿಸಿತು.

ಅಂಜಿಕೆ ಹೋಯಿತೆಂದೂ ಅಲ್ಲ. ಆ ಮಳೆಗಾಲವಿಡೀ ಅತ್ತೆಯ ಪ್ರತಿ ಕೆಮ್ಮಿಗೂ ನನ್ನ ಕಿವಿ ಎದ್ದು ಕೂಡುತ್ತಿತ್ತು. ಒಂದು ಸಲ ಜ್ವರ ಬಂದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಅಜ್ಜಾರು ಹೇಳಿದ್ದನ್ನು ಅಕ್ಷರಕ್ಷರ ನೆನೆದೆ. ಜ್ವರ ಇಳಿಯಿತು. ಇಳಿಯದಿದ್ದರೂ ಒಲ್ಲೆ ಎಂದದ್ದು ಒಲ್ಲೆಯೇ ಆಗಿರುತ್ತಿತ್ತು. ಅದನ್ನು ಹೊತ್ತು ನಿಲ್ಲುವ ಶಕ್ತಿ ಇರುತ್ತಿತ್ತೋ ಇಲ್ಲವೋ ಹೇಳಲಾರೆ. ಒಲೆ ಹಚ್ಚಿದ್ದು ತಿಳಿದಾಗಿನಿಂದ ಅಕ್ಕ ಮಾತು ಬಿಟ್ಟಿದ್ದಳು. ಫೋನು ಮಾಡಿದರೆ ಮೊಮ್ಮಗಳ ಕೈಗೆ ಕೊಡುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂದಳು. ಕೈಯಲ್ಲಿ ಖಾಲಿ ಸ್ಟೀಲಿನ ಡಬ್ಬಿ.

"ನನಗಲ್ಲ. ನಮ್ಮ ಮನಿಯವರಿಗೆ ಪ್ಯಾಟಿ ಖಾರ ಹಿಡಸವಲ್ದು."

"ನಾವೇನು ಕೇಳಿದಿವೇನವಾ," ಎಂದರು ಅತ್ತೆ.

ಡಬ್ಬಿ ತುಂಬಿ, ಒತ್ತಿ, ಮುಚ್ಚಳ ಹಾಕಿ ಕೊಟ್ಟೆ. ಅಕ್ಕ ಚಪ್ಪಲಿ ಮೆಟ್ಟಿದಳು. ಆಗ ನನಗೆ ಸೀನು ಬಂತು. ಮೈಯೆಲ್ಲ ಅಲುಗುವಂಥ ಒಂದೇ ಸೀನು. ಸಂಕ್ರಾಂತಿಯಿಂದ ಈಚೆಗೆ ಅದೇ ಮೊದಲನೆಯದು.

"ಖಾರದ ಘಾಟವಾ ಅದು. ಶಕುನ ಅಲ್ಲ," ಎಂದರು ಅತ್ತೆ. "ನಡಿ, ಬಸ್ ಹೋದೀತು."

ಅಕ್ಕ ನನ್ನ ಮುಖ ನೋಡಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಡಬ್ಬಿ ಮಗ್ಗುಲಿಗಿಟ್ಟು ಕುಳಿತಳು. ನೀರು ಕೇಳಿದಳು. ತಂದುಕೊಟ್ಟೆ. ಪೂರಾ ತಂಬಿಗೆ ಕುಡಿದಳು. ಬಸ್ಸು ಹೋಯಿತು.