ಎರಡು ನಳಿಗೆ, ಎರಡು ಅರಿಶಿಣ ಕೊಂಬು

ಪದಾತಿದಳದಲ್ಲಿ ನಾನು ಇಪ್ಪತ್ತೆರಡು ವರ್ಷ ನಡೆದೆ. ಆ ಸುದೀರ್ಘ ಸೇವೆಯಲ್ಲಿ ನನ್ನ ರೈಫಲ್ಲಿನಿಂದ ಖಚಿತವಾಗಿ ಹತವಾದದ್ದು ಒಂದೇ: ನಮ್ಮ ಬ್ಯಾರಕ್ಕಿನ ಚಹಾದ ಕೆಟಲು. ‘ಖಾಲಿ’ ಎಂದು ನಾನೇ ಘೋಷಿಸಿದ್ದ ರೈಫಲ್ಲು ಅದು. ಗುಂಡು ಅಡುಗೆಯವನ ಮೊಣಕೈ ಪಕ್ಕದಲ್ಲಿ ಹಾದು ಕೆಟಲನ್ನು ಹೊಕ್ಕಿತು. ಕೆಟಲಿಗೆ ಸೈನಿಕ ಗೌರವ ಸಲ್ಲಲಿಲ್ಲ; ನನಗೆ ಸಲ್ಲಬೇಕಾದ ಶಿಕ್ಷೆ ಸಂದಿತು. ಆ ಮೊಣಕೈ ಮಾತ್ರ ಇವತ್ತಿಗೂ ಕಣ್ಣ ಮುಂದಿದೆ.

ನಿವೃತ್ತನಾಗಿ ರಾಯಚೂರಿಗೆ ಬಂದ ಮೇಲೆ, ಬ್ಯಾಂಕುಗಳಿಗೆ ಕಾವಲುಗಾರರನ್ನು ಒದಗಿಸುವ ಸಂಸ್ಥೆಯೊಂದು ನನ್ನನ್ನು ಮೇಷ್ಟ್ರು ಮಾಡಿತು. ಕಲಿಯಲು ಬರುವವರು ಹೆಚ್ಚಾಗಿ ಒಕ್ಕಲುತನದ ಮನೆಯವರು. ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಅಪ್ಪ ಇಟ್ಟಿದ್ದ ಜೋಡುನಳಿಗೆ ಬಂದೂಕನ್ನು ಲೈಸೆನ್ಸು ಸಮೇತ ಅವರೇ ತರುತ್ತಾರೆ. ನನ್ನ ವೇದಾಂತ ಚಿಕ್ಕದು: ಬಂದೂಕು ಕೈಗೆ ಬಂದೊಡನೆ ನಡುವಿನಲ್ಲಿ ಬಾಗಿಸಿ ತೆರೆ, ಎರಡೂ ನಳಿಗೆಯನ್ನು ಪಕ್ಕದವನಿಗೆ ತೋರಿಸು, ‘ಖಾಲಿ’ ಎನ್ನು. ಆಮೇಲೆ ನಮಸ್ಕಾರ, ಆಮೇಲೆ ಚಹಾ.

ಗಬ್ಬೂರಿನ ಶಿಷ್ಯನೊಬ್ಬ ಇದನ್ನು ಮಂತ್ರದಂತೆ ಒಪ್ಪಿಸುತ್ತಿದ್ದ. ದಸರಾ ಕಳೆದೊಡನೆ ಮಾನ್ವಿಯ ಬ್ಯಾಂಕೊಂದರ ಬಾಗಿಲಲ್ಲಿ ನಿಲ್ಲಬೇಕಾದವನು. ಇವನ ಕೈಯಲ್ಲಿ ಬಂದೂಕಿದ್ದರೆ ಯಾರಿಗೂ ಅಪಾಯವಿಲ್ಲ ಎಂದು ನಾನು ಸಹಿ ಹಾಕುವುದೊಂದೇ ಬಾಕಿ.

“ಖಂಡೇ ಪೂಜಿಗೆ ಮನಿಗೆ ಬರ್ರಿ ಸರ್” ಎಂದ. ಆಯುಧಪೂಜೆಯ ದಿನ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿಗೆ ಹೋದೆ.

ಪಡಸಾಲೆಯಲ್ಲಿ ಮಣೆಯ ಮೇಲೆ ಬಂದೂಕು. ಚೆಂಡುಹೂವಿನ ಮಾಲೆ, ಕುಂಕುಮ, ಊದುಬತ್ತಿ. ಅದರ ಬಾಯಿ ಬಾಗಿಲ ಕಡೆಗೆ; ಅಂದರೆ ಬಂದವರೆಲ್ಲ ಅದರ ಎದುರಿಗೇ ತಲೆ ಬಗ್ಗಿಸಬೇಕು. ಶಿಷ್ಯನ ಹೆಂಡತಿ ಬಗ್ಗಿದಳು. ತಂಗಿ ಬಗ್ಗಿದಳು. ನನ್ನ ಸರದಿ ಬಂದಾಗ ನಾನು ಅತ್ಯಂತ ಭಕ್ತಿಯಿಂದ ಪಕ್ಕಕ್ಕೆ ಸರಿದೆ.

“ಖಾಲಿ ಅದ ಏನಪಾ?”

ಕೇಳಿದ್ದು ಶಿಷ್ಯನನ್ನು. ಅವನ ತಾಯಿ ಉತ್ತರ ಕೊಟ್ಟಳು.

“ಹಬ್ಬದ ದಿನ ದೇವ್ರ ಮುಂದ ಖಾಲಿ ಹೆಂಗ ಇಡ್ತಾರ್ರೀ? ಕೊಡಾ ಖಾಲಿ ಇಡಂಗಿಲ್ಲ, ಬುಟ್ಟಿ ಖಾಲಿ ಇಡಂಗಿಲ್ಲ. ಎರಡೂ ತುಂಬಸು ಅಂತ ನಾನ ಹೇಳೀನಿ.”

ಎರಡು ನಳಿಗೆಯಲ್ಲಿ ಎರಡು ತೋಟಾ, ಸಿಡಿಯಲು ಸಿದ್ಧ. ಶಿಷ್ಯನ ಕೈಯಲ್ಲಿ ತೆಂಗಿನಕಾಯಿ. ಅದನ್ನು ಒಡೆಯುವ ಕಲ್ಲು ಮಣೆಯಿಂದ ಒಂದು ಗೇಣು ದೂರ. ನನಗೆ ಅಡುಗೆಯವನ ಮೊಣಕೈ ಕಂಡಿತು.

“ಕಾಯಿ ಕೆಳಗಿಡು! ಬಂದೂಕಿನ ಮುಂದ ಯಾರೂ ನಿಂದರಬ್ಯಾಡ್ರಿ!”

ಪರೇಡಿನ ದನಿ ತಾನಾಗಿ ಹೊರಟಿತ್ತು. ಮನೆಯೆಲ್ಲ ಗೋಡೆಗೆ ಅಂಟಿಕೊಂಡಿತು.

“ಪೂಜಿ ಕೆಡಸಬ್ಯಾಡ್ರಿ ಯಪ್ಪಾ” ಎಂದಳು ತಾಯಿ.

“ಕೆಡಸಂಗಿಲ್ಲ ಯವ್ವಾ. ತುಂಬೇ ಇಡೋಣು. ತೋಟಾ ಬ್ಯಾಡ, ಅಷ್ಟ.”

ಆಕೆ ಸ್ವಲ್ಪ ಹೊತ್ತು ನನ್ನನ್ನೂ ಸ್ವಲ್ಪ ಹೊತ್ತು ದೇವರನ್ನೂ ನೋಡಿ, ಒಳಗಿನಿಂದ ಎರಡು ಅರಿಶಿಣ ಕೊಂಬು ತಂದಳು. ಶಿಷ್ಯ ಬಂದೂಕಿನ ಬಾಯಿ ಗೋಡೆಗೆ ತಿರುಗಿಸಿ ತೆರೆದ. ತೋಟಾಗಳು ನನ್ನ ಕಿಸೆಗೆ ಬಂದವು, ಅವುಗಳ ಜಾಗದಲ್ಲಿ ಅರಿಶಿಣ ಕುಳಿತಿತು. ಕಾಯಿ ಒಡೆಯಿತು. ಹಾರಿಬಿದ್ದವನು ನಾನೊಬ್ಬನೇ.

ಅಲ್ಲಿಗೆ ಹೊಸ ಚಿಂತೆ ಹತ್ತಿತು. ನಳಿಗೆಯೊಳಗೆ ಅರಿಶಿಣದ ಚೂರು ಉಳಿದು, ಅದು ಗೊತ್ತಿಲ್ಲದೆ ಗುಂಡು ಹಾರಿಸಿದರೆ ಬಂದೂಕೇ ಸೀಳಿಹೋಗುತ್ತದೆ. ಪೂಜೆ ಇಳಿಸುವುದು ಮರುದಿನ. ಹೀಗಾಗಿ ಮರುದಿನ ಮೊದಲ ಬಸ್ಸಿಗೇ ಮತ್ತೆ ಗಬ್ಬೂರು. ಅವರು ಬನ್ನಿ ಎಲೆ ಕೊಟ್ಟರು. ನಾನು ಅರಿಶಿಣ ಕೇಳಿದೆ. ಎರಡೂ ಕೊಂಬು ಇಡಿಯಾಗಿಯೇ ಬಂದವು. ನಾನು ಹೇಳುವ ಮೊದಲೇ ಶಿಷ್ಯ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ತಾಯಿಗೂ ತೋರಿಸಿದ.

“ನೋಡಬೇ, ಖಾಲಿ.”

“ಎಡಗಡಿದು ಇನ್ನೊಮ್ಮಿ ತೋರಸು” ಎಂದಳು ಆಕೆ.

ಆಗ ಸಹಿ ಹಾಕಿದೆ.

ಮಾನ್ವಿಯಲ್ಲಿ ನನಗೆ ಖಾತೆಯೂ ಇಲ್ಲ, ನೆಂಟರೂ ಇಲ್ಲ. ಆದರೂ ಅವನು ಕೆಲಸಕ್ಕೆ ಸೇರಿದ ವಾರವೇ ಅಲ್ಲಿಗೆ ಹೋದೆ. ಬ್ಯಾಂಕಿನ ಬಾಗಿಲಲ್ಲಿ ನನ್ನನ್ನು ಕಂಡವನೇ ಶಿಷ್ಯ ನೆಟ್ಟಗಾದ. ಬಂದೂಕು ತೆರೆದ. ಎರಡೂ ನಳಿಗೆ ನನಗೆ ತೋರಿಸಿ, ಪರೇಡಿನ ದನಿಯಲ್ಲಿ ಸಾರಿದ:

“ಖಾಲಿ ಸರ್!”

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿದರು. ರುಮಾಲಿನ ಮುದುಕನೊಬ್ಬ ಕೇಳಿದ: “ಹಂಗಂದ್ರ ಅದನ್ನ ಎದಕ್ಕ ಹಿಡ್ಕೊಂಡು ನಿಂತೀಯೋ ತಮ್ಮಾ?”

ಸಾಲೆಲ್ಲ ನಕ್ಕಿತು. ಈ ಸುದ್ದಿ ಬೇಕಾಗಿದ್ದ ಕಳ್ಳನೊಬ್ಬ ಸಾಲಿನಲ್ಲಿದ್ದರೆ? ಯಾರು ನಗಲಿಲ್ಲ ಎಂದು ನಾನು ಒಂದೊಂದೇ ಮುಖ ನೋಡುತ್ತ ನಿಂತೆ.